ಅಪ್ಪನ ಹೊಡೆತ ಕಂಡ ಮಗು ಮುಂದೆ ಹೊಡೆಯುವವನೇ ಆಗುತ್ತಾನೆಯೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಪತಿ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್. ನನ್ನ ತಂಗಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಅವಳ ಮಗನನ್ನು ನಾವೇ ತಂದು ಸಾಕುತ್ತಿದ್ದೇವೆ. ಬಂದಾಗ ಅವನಿಗೆ ನಾಲ್ಕೂವರೆ ವರ್ಷ, ಈಗ ಆರು ತುಂಬಿದೆ. ಅವನ ಅಪ್ಪ ಕುಡಿದು ಬಂದು ತಂಗಿಯನ್ನು ಹೊಡೆಯುತ್ತಿದ್ದುದನ್ನು ಮಗು ಹುಟ್ಟಿದಾಗಿನಿಂದ ನೋಡಿದೆ, ಅಡ್ಡ ಹೋದಾಗ ತಾನೂ ಏಟು ತಿಂದಿದೆ, ಎಷ್ಟೋ ರಾತ್ರಿ ಹಸಿದು ಮಲಗಿದೆ. ಈಗ ಶಾಲೆಯಲ್ಲಿ ಯಾರಾದರೂ ಹಿಂದಿನಿಂದ ಮೈ ತಾಗಿಸಿದರೆ ಸಾಕು, ತಿರುಗಿ ಹೊಡೆಯುತ್ತಾನೆ. ಬಿದ್ದು ಗಾಯವಾದರೂ ಅಳುವುದಿಲ್ಲ. ದಿಂಬಿನ ಕೆಳಗೆ ರೊಟ್ಟಿ ಮುಚ್ಚಿಡುತ್ತಾನೆ. ರಾತ್ರಿ ಬೈಕಿನ ಸದ್ದು ಕೇಳಿದರೆ ಮಂಚದಡಿ ಸೇರುತ್ತಾನೆ. ಒಂಬತ್ತು ವರ್ಷದ ನನ್ನ ಮಗಳಿಗೂ ಎರಡು ಸಲ ಜೋರಾಗಿ ಹೊಡೆದಿದ್ದಾನೆ. ‘ಅಪ್ಪನ ರಕ್ತ ಎಲ್ಲಿಗೆ ಹೋದೀತು’ ಎಂದು ಅತ್ತೆ ಹೇಳುತ್ತಾರೆ. ‘ನಾಲ್ಕು ಬಿಗಿದರೆ ದಾರಿಗೆ ಬರುತ್ತಾನೆ’ ಎಂದು ಕೆಲವರು, ‘ಹಾಸ್ಟೆಲಿಗೆ ಹಾಕಿ’ ಎಂದು ಇನ್ನು ಕೆಲವರು. ಮೊದಲ ಮೂರು ವರ್ಷದಲ್ಲೇ ಮಿದುಳು ರೂಪುಗೊಂಡುಬಿಡುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಬಾಲ್ಯದ ಕಷ್ಟಗಳಿಗೆ ಅಂಕ ಕೊಡುವ ಒಂದು ಪಟ್ಟಿಯೂ ಸಿಕ್ಕಿತು, ಅದರಲ್ಲಿ ಅವನಿಗೆ ಆರು ಬಂತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಚಿಂತೆಯಲ್ಲಿ ನಿದ್ದೆ ಬರುತ್ತಿಲ್ಲ. ಇವನೂ ನಾಳೆ ಹೆಂಡತಿಯನ್ನು ಹೊಡೆಯುವವನೇ ಆಗುತ್ತಾನೆಯೇ? ಇತ್ತೀಚೆಗೆ ಅವನ ಅಪ್ಪ ಬಂದು ನೋಡುತ್ತೇನೆ ಎನ್ನುತ್ತಿದ್ದಾರೆ, ಬಿಡಬೇಕೇ?

ಉತ್ತರ: ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವುಗಳ ಅಡಿಯಲ್ಲಿರುವ ಭಯ ಒಂದೇ: ಈ ಮಗುವಿನ ಮುಂದಿನ ಬದುಕು ನಿಮ್ಮ ಮನೆಗೆ ಬರುವ ಮೊದಲೇ ತೀರ್ಮಾನವಾಗಿಹೋಗಿದೆಯೇ ಎಂಬುದು. ಮಕ್ಕಳ ಮನೋವೈದ್ಯನಾಗಿ ನೇರವಾಗಿ ಹೇಳುತ್ತೇನೆ. ತೀರ್ಮಾನವಾಗಿಲ್ಲ. ಆರು ವರ್ಷಕ್ಕೆ ತಡವೂ ಆಗಿಲ್ಲ. ಆದರೆ ಬೆಳೆದಂತೆಲ್ಲ ತಾನಾಗಿಯೇ ಮರೆತು ಸರಿಹೋಗುತ್ತಾನೆ ಎಂದು ಕೈಕಟ್ಟಿ ಕೂರುವುದೂ ಸರಿಯಲ್ಲ. ನೀವು ಹಾಗೆ ಕೂತಿಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ.

ಅವನ ನಡವಳಿಕೆಯನ್ನು ಮೊದಲು ಅವನ ಕಡೆಯಿಂದ ನೋಡೋಣ. ಅಪಾಯ ಎದುರಾದಾಗ ಅಡ್ರಿನಲಿನ್, ಕಾರ್ಟಿಸಾಲ್‌ಗಳಂಥ ಹಾರ್ಮೋನುಗಳು ಹರಿದು, ಎದೆಬಡಿತ ಏರಿ, ದೇಹ ಓಡಲು ಅಥವಾ ಹೊಡೆದಾಡಲು ಸಿದ್ಧವಾಗುತ್ತದೆ. ಇದು ಎಲ್ಲರಲ್ಲೂ ಇರುವ, ಜೀವ ಉಳಿಸುವ ವ್ಯವಸ್ಥೆ. ಮಗು ಹೆದರಿದಾಗ ಯಾರಾದರೂ ಎತ್ತಿಕೊಂಡು ಸಮಾಧಾನ ಮಾಡಿದರೆ ಈ ವ್ಯವಸ್ಥೆ ಬೇಗ ತಣ್ಣಗಾಗುತ್ತದೆ, ಮತ್ತು ಹೀಗೆ ಮತ್ತೆ ಮತ್ತೆ ನಡೆಯುವುದರಿಂದಲೇ ಮಗು ತನ್ನನ್ನು ತಾನು ಶಾಂತಗೊಳಿಸಿಕೊಳ್ಳಲು ಕಲಿಯುತ್ತದೆ. ನಿಮ್ಮ ತಂಗಿಯ ಮನೆಯಲ್ಲಿ ಭಯ ದಿನನಿತ್ಯದ್ದಾಗಿತ್ತು, ಸಮಾಧಾನ ಮಾಡಬೇಕಾದ ತಾಯಿಯೇ ಏಟು ತಿನ್ನುತ್ತಿದ್ದಳು. ಅಂಥ ಮನೆಯಲ್ಲಿ ಅವನ ದೇಹ ಸದಾ ಎಚ್ಚರದಲ್ಲಿರುವುದನ್ನು ಕಲಿತಿತು. ರೊಟ್ಟಿ ಮುಚ್ಚಿಡುವುದು, ಬೈಕಿನ ಸದ್ದಿಗೆ ಅಡಗುವುದು, ಅತ್ತರೂ ಯಾರೂ ಬರುವುದಿಲ್ಲವೆಂದು ತಿಳಿದು ಅಳುವುದನ್ನೇ ಬಿಡುವುದು, ಇವೆಲ್ಲ ಆ ಮನೆಯಲ್ಲಿ ಅವನಿಗೆ ನೆರವಾದ ವಿದ್ಯೆಗಳು. ಮೂರು ವರ್ಷಕ್ಕಿಂತ ಮುಂಚಿನ ಘಟನೆಗಳನ್ನು ಅವನು ಕಥೆಯಂತೆ ಹೇಳಲಾರ, ಆದ್ದರಿಂದ ಮನೆಯವರು ಮರೆತಿದ್ದಾನೆ ಎಂದುಕೊಳ್ಳುತ್ತಾರೆ. ಆದರೆ ಸದ್ದು, ವಾಸನೆ, ಬೆನ್ನ ಹಿಂದಿನ ಸ್ಪರ್ಶಗಳಿಗೆ ಅವನ ದೇಹ ಇನ್ನೂ ಹಳೆಯ ಉತ್ತರವನ್ನೇ ಕೊಡುತ್ತಿದೆ.

ಶಾಲೆಯ ಜಗಳಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ದೊಡ್ಡ ಭಯದ ಬೇರು ಅಲ್ಲಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಮತ್ತು ಸಂಗಡಿಗರು ಮಕ್ಕಳಿಗೆ ಮುಖಭಾವಗಳ ಚಿತ್ರಗಳನ್ನು ತೋರಿಸಿ ಅಧ್ಯಯನ ಮಾಡಿದರು. ಚಿತ್ರ ಮಸುಕಾಗಿ, ಅರೆಬರೆಯಾಗಿ ಕಾಣುತ್ತಿರುವಾಗಲೇ, ಮನೆಯಲ್ಲಿ ಏಟು ತಿಂದು ಬೆಳೆದ ಮಕ್ಕಳು ಅದರಲ್ಲಿನ ಸಿಟ್ಟನ್ನು ಬೇರೆ ಮಕ್ಕಳಿಗಿಂತ ಬೇಗ ಗುರುತಿಸಿದರು. ಕುಡಿದು ಬರುವ ಅಪ್ಪನ ಮುಖವನ್ನು ಬಾಗಿಲಲ್ಲೇ ಓದಬೇಕಾದ ಮಗುವಿಗೆ ಇದು ಬೇಕಾಗುವ ಜಾಣ್ಮೆ. ಶಾಲೆಯ ಸಾಲಿನಲ್ಲಿ ಮಾತ್ರ ಅದೇ ಜಾಣ್ಮೆ ತೊಂದರೆಯಾಗುತ್ತದೆ. ಹಿಂದೆ ನಿಂತ ಹುಡುಗನ ಕೈ ತಾಗಿದ್ದು ಅವನಿಗೆ ಏಟಿನ ಮೊದಲ ಸೂಚನೆಯಾಗಿ ಕಾಣುತ್ತದೆ, ಯೋಚಿಸುವ ಮೊದಲೇ ಅವನು ಹೊಡೆದಿರುತ್ತಾನೆ. ಆಮೇಲೆ ಉಳಿದ ಮಕ್ಕಳು ದೂರವಾಗುತ್ತಾರೆ, ಶಿಕ್ಷಕರು ಗದರುತ್ತಾರೆ, ‘ಎಲ್ಲರೂ ನನ್ನ ವಿರುದ್ಧ’ ಎಂಬ ಅವನ ಎಣಿಕೆಗೆ ದಿನವೂ ಹೊಸ ಪುರಾವೆ ಸಿಗುತ್ತದೆ. ವರ್ಷಗಟ್ಟಲೆ ಈ ಸುತ್ತು ಮುರಿಯದೆ ಸಾಗಿದರೆ ಜಗಳಗಂಟ ಯುವಕನೊಬ್ಬ ತಯಾರಾಗುತ್ತಾನೆ. ಮನೆಯೊಳಗಿನ ಹಿಂಸೆ ಬೀದಿಯ ಹಿಂಸೆಯಾಗುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಆ ದಾರಿಯನ್ನು ಆರನೆಯ ವರ್ಷದಲ್ಲಿ ತಡೆಯುವುದು ಹದಿನಾರರಲ್ಲಿ ತಡೆಯುವುದಕ್ಕಿಂತ ಎಷ್ಟೋ ಸುಲಭ.

ಇನ್ನು ‘ಅಪ್ಪನ ರಕ್ತ’ದ ಮಾತು. ಹಿಂಸೆ ಕಂಡ ಮಕ್ಕಳೆಲ್ಲ ಹಿಂಸಕರಾಗುತ್ತಾರೆ ಎಂಬ ನಂಬಿಕೆಯನ್ನು ಗಟ್ಟಿಯಾಗಿ ಪರೀಕ್ಷಿಸಿದವರು ಕ್ಯಾಥಿ ಸ್ಪಾಟ್ಜ್ ವಿಡಮ್ ಎಂಬ ಸಂಶೋಧಕಿ. ನ್ಯಾಯಾಲಯದ ದಾಖಲೆಗಳಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಸಾಬೀತಾಗಿದ್ದ 908 ಮಕ್ಕಳನ್ನು, ಅದೇ ವಯಸ್ಸು ಮತ್ತು ಹಿನ್ನೆಲೆಯ 667 ಬೇರೆ ಮಕ್ಕಳೊಂದಿಗೆ ಅವರು ಹೋಲಿಸಿದರು. 1989ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಿಂಸಾತ್ಮಕ ಅಪರಾಧಕ್ಕಾಗಿ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಸುಮಾರು ಶೇ. 11, ಎರಡನೆಯದರಲ್ಲಿ ಸುಮಾರು ಶೇ. 8. ಅಪಾಯ ಹೆಚ್ಚಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೌರ್ಜನ್ಯ ಕಂಡ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಎಂಬತ್ತೊಂಬತ್ತು ಮಂದಿ ಆ ದಾರಿ ಹಿಡಿಯಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಸಿಟ್ಟಿನ ಸ್ವಭಾವದಲ್ಲಿ ವಂಶದ ಪಾಲು ಸ್ವಲ್ಪ ಇರಬಹುದು, ಆದರೆ ಹೆಂಡತಿಯನ್ನು ಹೊಡೆಯುವುದು ರಕ್ತದಲ್ಲಿ ಹರಿದು ಬರುವುದಿಲ್ಲ. ಅದನ್ನು ನೋಡಿ ಕಲಿಯುತ್ತಾರೆ, ಬೇರೆ ರೀತಿಯ ಗಂಡಸನ್ನು ಹತ್ತಿರದಿಂದ ನೋಡುತ್ತ ಬೆಳೆದರೆ ಬೇರೆಯದನ್ನೇ ಕಲಿಯುತ್ತಾರೆ. ನಿಮ್ಮ ಪತಿ ಸಿಟ್ಟು ಬಂದಾಗ ಹೇಗೆ ಮಾತನಾಡುತ್ತಾರೆ ಎಂಬುದನ್ನು ಈ ಹುಡುಗ ಪ್ರತಿದಿನ ಗಮನಿಸುತ್ತಿದ್ದಾನೆ. ಅತ್ತೆಯವರಿಗೆ ಬೇಸರವಾಗದಂತೆ ಆದರೆ ಖಚಿತವಾಗಿ ಒಂದು ಮಾತು ಹೇಳಿ: ಹುಡುಗನ ಕಿವಿಗೆ ಆ ರಕ್ತದ ಮಾತು ಬೀಳಬಾರದು. ನೀನು ಹೀಗೆಯೇ ಆಗುವವನು ಎಂದು ಕೇಳುತ್ತ ಬೆಳೆದ ಮಗುವಿಗೆ ಬೇರೆ ಥರ ಆಗುವ ಉತ್ಸಾಹ ಉಳಿಯುವುದಿಲ್ಲ.

ಅಂಕದ ಪಟ್ಟಿಯನ್ನು ದಯವಿಟ್ಟು ಬದಿಗಿಡಿ. ವೈದ್ಯರಾದ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದ, ಅಮೆರಿಕದ ಸ್ಯಾನ್ ಡಿಯಾಗೋದ ಒಟ್ಟು 17,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಅಧ್ಯಯನದಿಂದ ಅದು ಬಂದದ್ದು. ಬಾಲ್ಯದ ಕಷ್ಟಗಳು ಹೆಚ್ಚಾದಂತೆ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತದ ಚಟ, ಹೃದ್ರೋಗಗಳ ಅಪಾಯ ಏರುತ್ತದೆ ಎಂದು ತೋರಿಸಿಕೊಟ್ಟ ಮಹತ್ವದ ಕೆಲಸವದು. ಆದರೆ ಅದು ಜನಸಮೂಹದ ಲೆಕ್ಕ. ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಈ ಅಂಕವನ್ನು ಬಳಸಬಾರದೆಂದು 2020ರಲ್ಲಿ ಸ್ವತಃ ಆಂಡಾ ಅವರೇ ಸಹಲೇಖಕರೊಂದಿಗೆ ಎಚ್ಚರಿಸಿದ್ದಾರೆ. ಮಗುವಿಗೆ ಏನೇನು ಕೆಟ್ಟದಾಯಿತು ಎಂಬುದನ್ನು ಮಾತ್ರ ಆ ಪಟ್ಟಿ ಎಣಿಸುತ್ತದೆ. ಯಾರು ಎತ್ತಿಕೊಂಡರು, ಯಾರು ಊಟ ಕೊಟ್ಟರು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ಆ ಬಿಟ್ಟುಹೋದ ಭಾಗವನ್ನು ನೋಡಿದವರು ಅಮೆರಿಕದ ಮನೋವಿಜ್ಞಾನಿ ಎಮ್ಮಿ ವರ್ನರ್. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರ ತಂಡ ದಶಕಗಳ ಕಾಲ ಹಿಂಬಾಲಿಸಿತು. ಬಡತನ, ಮನೆಜಗಳ, ತಂದೆತಾಯಿಯ ಕುಡಿತ ಅಥವಾ ಮನೋರೋಗದ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸಮರ್ಥರಾದ, ಇತರರನ್ನು ಅಕ್ಕರೆಯಿಂದ ಕಾಣುವ ವಯಸ್ಕರಾಗಿ ಬೆಳೆದರು. ಅವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡದ್ದು ಚಿಕ್ಕಂದಿನಲ್ಲಿ ಗಟ್ಟಿಯಾಗಿ ಜೊತೆಗೆ ನಿಂತ ಒಬ್ಬರಾದರೂ ಹಿರಿಯರು, ಹಲವು ಬಾರಿ ಅಜ್ಜಿ, ಅಜ್ಜ, ಚಿಕ್ಕಮ್ಮ, ದೊಡ್ಡಮ್ಮ. ಉಳಿದವರಲ್ಲೂ, ಹದಿಹರೆಯದಲ್ಲಿ ದಾರಿ ತಪ್ಪಿದ್ದ ಬಹಳಷ್ಟು ಮಂದಿ ಮೂವತ್ತರ ಹರೆಯದ ಹೊತ್ತಿಗೆ ಚೇತರಿಸಿಕೊಂಡಿದ್ದರು.

ಮೊದಲ ಮೂರು ವರ್ಷದ ಮಾತಿನಲ್ಲಿ ಸತ್ಯಾಂಶವಿದೆ. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವದು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಶಿಶುಗಳನ್ನು ಕುರಿತ ಅಧ್ಯಯನದಲ್ಲಿ, ಎರಡು ವರ್ಷ ತುಂಬುವ ಮೊದಲು ಸಾಕುಕುಟುಂಬ ಸೇರಿದವರು ಬುದ್ಧಿಮತ್ತೆಯಲ್ಲೂ ಬಾಂಧವ್ಯದಲ್ಲೂ ತಡವಾಗಿ ಸೇರಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಆದರೆ ಆ ಮಕ್ಕಳು ಬೆಳೆದ ಮೇಲೆ ಅದೇ ಅಧ್ಯಯನ ಇನ್ನೊಂದು ವಿಷಯ ತಿಳಿಸಿತು: ಮೊದಲು ಸೇರಿದ ಮನೆಯಲ್ಲೇ ಉಳಿದವರ ಮಾನಸಿಕ ಆರೋಗ್ಯ, ಮನೆ ಬದಲಾಯಿಸಬೇಕಾಗಿ ಬಂದವರಿಗಿಂತ ಉತ್ತಮವಾಗಿತ್ತು. ಹಾಸ್ಟೆಲಿನ ಪ್ರಶ್ನೆಗೆ ಬಂದಾಗ ಇದನ್ನು ಮತ್ತೆ ಹೇಳುತ್ತೇನೆ. ಯೋಚಿಸಿ ಹೆಜ್ಜೆಯಿಡಲು, ಸಿಟ್ಟನ್ನು ತಡೆಯಲು ಬೇಕಾದ ಮಿದುಳಿನ ಮುಂಭಾಗ ಇಪ್ಪತ್ತರ ಹರೆಯದ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ನಿಮ್ಮ ಹುಡುಗನ ಮುಂದೆ ಇನ್ನೂ ಬಹಳ ಕಾಲವಿದೆ.

ಆರೈಕೆಯ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂದು ಕೇಳುವವರಿಗೆ ನಾನು ಹೇಳುವುದು ಜಮೈಕಾದ ಉದಾಹರಣೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅವರ ತಂಡ ಆಯ್ದುಕೊಂಡಿತು. ಮಕ್ಕಳ ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ಪೌಷ್ಟಿಕ ಹಾಲಿನ ಪುಡಿ ಸಿಕ್ಕಿತು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ವಾರಕ್ಕೊಮ್ಮೆ ಒಂದು ಗಂಟೆ ಬಂದು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನೊಂದಿಗೆ ಆಡುವುದು, ಮಾತನಾಡುವುದು, ಹೊಗಳುವುದು ಹೇಗೆಂದು ತಾಯಿಗೆ ತೋರಿಸಿಕೊಟ್ಟಳು. ಕೆಲವರಿಗೆ ಎರಡೂ ಸಿಕ್ಕವು, ಕೆಲವರಿಗೆ ಎರಡೂ ಇಲ್ಲ. ನಡೆದದ್ದು ಎರಡೇ ವರ್ಷ. ಆ ಮಕ್ಕಳು 22ರ ವಯಸ್ಸಿಗೆ ಬಂದಾಗ, ಆಟದ ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇ. 25 ಹೆಚ್ಚಿತ್ತು. ಅದಕ್ಕಿಂತ ಮುಖ್ಯವಾಗಿ, ಅವರು ಹೊಡೆದಾಟಗಳಲ್ಲಿ ಮತ್ತು ಗಂಭೀರ ಹಿಂಸೆಯಲ್ಲಿ ತೊಡಗಿದ್ದು ಕಡಿಮೆಯಿತ್ತು. ಹಾಲಿನ ಪುಡಿಯೊಂದರಿಂದಲೇ ಇಂಥ ದೀರ್ಘಕಾಲದ ಫಲ ಸಿಗಲಿಲ್ಲ. ಹೊಡೆದಾಟ ಬಿಡಿ ಎಂದು ಆ ಮಕ್ಕಳಿಗೆ ಯಾರೂ ಪಾಠ ಮಾಡಿರಲಿಲ್ಲ, ತಾಯಿ ಮಗುವಿನ ನಡುವಿನ ಒಡನಾಟ ಬದಲಾಗಿತ್ತು ಅಷ್ಟೇ.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಿಂದ ಆರಂಭವಾದ ಅಂಗನವಾಡಿ ವ್ಯವಸ್ಥೆ ಆಹಾರ, ಚುಚ್ಚುಮದ್ದುಗಳ ವಿಷಯದಲ್ಲಿ ಬಹಳ ಮಾಡಿದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಒಡನಾಟ, ಆಟಗಳಿಗಾಗಿ ಕೇಂದ್ರ ಸರ್ಕಾರ ‘ನವಚೇತನ’ ಎಂಬ ಚೌಕಟ್ಟನ್ನು ಹೊರತಂದದ್ದು 2024ರಲ್ಲಿ. ಈ ಭಾಗಕ್ಕೆ ಅನ್ನದಷ್ಟೇ ಮಹತ್ವ ಸಿಗಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಈಗ ನಿಮ್ಮ ಮನೆಗೆ ಬರೋಣ. ಈ ಹುಡುಗನಿಗೆ ಎಲ್ಲಕ್ಕಿಂತ ಬೇಕಾಗಿರುವುದು ಮುಂದೇನು ನಡೆಯುತ್ತದೆ ಎಂದು ಮೊದಲೇ ತಿಳಿಯುವ ಬದುಕು. ದಿಂಬಿನಡಿಯ ರೊಟ್ಟಿಗೆ ಗದರಬೇಡಿ, ಅವನದೇ ಒಂದು ಡಬ್ಬಿ ಕೊಟ್ಟು ಅದರಲ್ಲಿ ಯಾವಾಗಲೂ ಏನಾದರೂ ತಿನ್ನಲು ಇರುವಂತೆ ನೋಡಿಕೊಳ್ಳಿ. ಡಬ್ಬಿ ಖಾಲಿಯಾಗುವುದಿಲ್ಲ ಎಂಬ ನಂಬಿಕೆ ಬಂದ ಮೇಲೆ ಮುಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ಪತಿಯ ಪಾಳಿ ಬದಲಾಗುತ್ತಿರುತ್ತದೆಯಾದ್ದರಿಂದ ಅವರು ಎಂದು ರಾತ್ರಿ ಬರುತ್ತಾರೆ, ಎಂದು ಬರುವುದಿಲ್ಲ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅವನಿಗೆ ತೋರಿಸಿ. ರಾತ್ರಿ ಸದ್ದಾದಾಗ ಮಂಚದಡಿಯಿಂದ ಎಳೆಯಬೇಡಿ, ಪಕ್ಕದಲ್ಲಿ ಕೂತು ‘ಅದು ಪಕ್ಕದ ಮನೆಯ ಬೈಕು, ನಾನು ಇಲ್ಲೇ ಇದ್ದೇನೆ’ ಎನ್ನಿ. ಬಿದ್ದು ಅಳದಿದ್ದರೂ ಓಡಿಹೋಗಿ ಗಾಯ ತೊಳೆಯಿರಿ. ಹೊಡೆದಾಗ ಕೈ ಹಿಡಿದು ತಡೆದು, ‘ಈ ಮನೆಯಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ’ ಎಂದು ಕಡಿಮೆ ಮಾತಿನಲ್ಲಿ ಹೇಳಿ. ಬುದ್ಧಿಮಾತು ಅವನು ಪೂರ್ತಿ ತಣ್ಣಗಾದ ಮೇಲೆ.

‘ನಾಲ್ಕು ಬಿಗಿಯುವುದು’ ಈ ಮಗುವಿಗೆ ತೀರ ಅಪಾಯಕಾರಿ. ದೊಡ್ಡವರು ಕೊನೆಗೂ ಹೊಡೆಯುವವರೇ ಎಂಬ ಅವನ ಹಳೆಯ ತಿಳಿವಳಿಕೆಯನ್ನು ಅದು ಖಚಿತಪಡಿಸುತ್ತದೆ. 50 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಎಲಿಜಬೆತ್ ಗರ್ಷಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಏಟಿನ ಶಿಕ್ಷೆ ಹೆಚ್ಚಿನ ಆಕ್ರಮಣಶೀಲತೆಯೊಂದಿಗೇ ಕಾಣಿಸಿಕೊಂಡಿತ್ತು.

ಒಂದು ಎಚ್ಚರಿಕೆ ಬೇಕು. ಮಗುವಿಗೆ ಸುರಕ್ಷಿತ ಎನಿಸತೊಡಗಿದ ಮೇಲೆ ನಡವಳಿಕೆ ಕೆಲಕಾಲ ಇನ್ನಷ್ಟು ಕೆಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇವರೂ ನನ್ನನ್ನು ಬಿಡುತ್ತಾರೆಯೇ ಎಂದು ಅವನು ಪರೀಕ್ಷಿಸುತ್ತಾನೆ. ಸಾಕುವವರು ಸೋತು ಕೈಬಿಡುವುದು ಹೆಚ್ಚಾಗಿ ಈ ಹಂತದಲ್ಲೇ.

ನಿಮ್ಮ ಮಗಳ ಪಾಲನ್ನು ಮರೆಯಬಾರದು. ಅವಳು ತಾಳಿಕೊಳ್ಳಬೇಕು ಎಂದು ನಿರೀಕ್ಷಿಸುವುದು ಅನ್ಯಾಯ. ಇಬ್ಬರನ್ನೂ ಸದ್ಯಕ್ಕೆ ದೊಡ್ಡವರಿಲ್ಲದೆ ಬಿಡಬೇಡಿ, ಅವನು ಮುಟ್ಟಬಾರದ ವಸ್ತುಗಳಿಗೆ ಅವಳಿಗೊಂದು ಜಾಗ ಕೊಡಿ, ದಿನಕ್ಕೆ ಸ್ವಲ್ಪ ಹೊತ್ತು ಅವಳೊಬ್ಬಳೊಂದಿಗೇ ಕಳೆಯಿರಿ. ಸಿಟ್ಟು ಬಂದಿದೆ ಎಂದು ಅವಳು ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಿ.

ಶಾಲೆಯಲ್ಲಿ ತರಗತಿ ಶಿಕ್ಷಕರೊಬ್ಬರಿಗೆ, ಪೂರ್ತಿ ಕಥೆಯನ್ನಲ್ಲ, ಅಗತ್ಯದಷ್ಟನ್ನು ಹೇಳಿ: ಹಿಂದಿನಿಂದ ಮುಟ್ಟಿದರೆ ಹೆದರುತ್ತಾನೆ, ಬೆನ್ನಿಗೆ ಗೋಡೆಯಿರುವ ಜಾಗದಲ್ಲಿ ಕೂರಿಸಿ, ಸಾಲಿನಲ್ಲಿ ಕೊನೆಗೆ ನಿಲ್ಲಿಸಿ. ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ನಿಷೇಧಿಸಿದೆ ಎಂಬುದು ನಿಮಗೆ ತಿಳಿದಿರಲಿ.

ಇಷ್ಟರ ಜೊತೆಗೆ ಒಮ್ಮೆ ತಜ್ಞರಿಗೆ ತೋರಿಸಲೇಬೇಕು. ಮೊದಲು ಮಕ್ಕಳ ವೈದ್ಯರಲ್ಲಿ ರಕ್ತಹೀನತೆ, ಕಿವಿ ಮತ್ತು ದೃಷ್ಟಿಯ ಪರೀಕ್ಷೆ ಮಾಡಿಸಿ, ಹಸಿದು ಬೆಳೆದ ಮಕ್ಕಳಲ್ಲಿ ಇವುಗಳ ತೊಂದರೆ ಗಮನಕ್ಕೆ ಬಾರದೆ ಉಳಿಯುತ್ತದೆ. ನಿಮಗೆ ಹತ್ತಿರವಾಗುವ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಹುಡುಗನ ಹಿನ್ನೆಲೆಯನ್ನು ಮುಚ್ಚಿಡದೆ ಹೇಳಿ. ಹಿನ್ನೆಲೆ ತಿಳಿಯದಿದ್ದರೆ ಅವನ ಎಚ್ಚರ, ಚಡಪಡಿಕೆಗಳು ಅತಿಚಟುವಟಿಕೆಯ ತೊಂದರೆಯಂತೆ ಕಂಡು ಚಿಕಿತ್ಸೆ ಬೇರೆ ದಾರಿ ಹಿಡಿಯಬಹುದು. ಈ ವಯಸ್ಸಿನಲ್ಲಿ ಹೆಚ್ಚು ಫಲ ಕೊಡುವುದು ಆಟ, ಚಿತ್ರ, ಮಾತುಗಳ ಮೂಲಕ ಭಯದ ನೆನಪುಗಳನ್ನು ಹಂತಹಂತವಾಗಿ ಎದುರಿಸುವ, ಸಾಕುವವರೂ ಭಾಗವಹಿಸುವ ಚಿಕಿತ್ಸೆ. ಸಾಮಾನ್ಯವಾಗಿ 12ರಿಂದ 16 ಭೇಟಿಗಳು ಬೇಕಾಗುತ್ತವೆ. ನಡುವೆ ಕೆಲವು ವಾರ ಕನಸುಗಳು ಹೆಚ್ಚಾಗಬಹುದು, ಹಾಗೆಂದು ಅರ್ಧಕ್ಕೆ ಬಿಡಬೇಡಿ. ಅವನನ್ನು ಕೂರಿಸಿಕೊಂಡು ‘ಆಗ ಏನಾಯಿತು ಹೇಳು’ ಎಂದು ಮನೆಯಲ್ಲಿ ಕೆದಕುವುದು ಮಾತ್ರ ಬೇಡ. ಕಂಡದ್ದನ್ನು ಅಳಿಸುವ ಮಾತ್ರೆ ಇಲ್ಲ. ಆಕ್ರಮಣಶೀಲತೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್‌ನಂಥ ಔಷಧಗಳಿಂದ ತೂಕಡಿಕೆ ಬರುತ್ತದೆ, ತೂಕ ಏರುತ್ತದೆ. ಆದ್ದರಿಂದ ಅವು ಮೊದಲ ಆಯ್ಕೆಯಲ್ಲ, ಬೇಕಾದರೂ ತಜ್ಞರ ಕಣ್ಣಳತೆಯಲ್ಲಿ, ಸೀಮಿತ ಕಾಲಕ್ಕೆ.

ಹಾಸ್ಟೆಲ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೊರಾರ್ಜಿ ದೇಸಾಯಿಯಂಥ ಸರ್ಕಾರಿ ವಸತಿ ಶಾಲೆಗಳ ಪ್ರವೇಶವೇ 6ನೇ ತರಗತಿಯಿಂದ, ಈಗ ಸೇರಿಸಬಹುದಾದದ್ದು ಹೆಚ್ಚಾಗಿ ಖಾಸಗಿ ಹಾಸ್ಟೆಲ್. ತಾಯಿಯನ್ನು ಕಳೆದುಕೊಂಡು, ಒಂದೂವರೆ ವರ್ಷದಿಂದ ನಿಮ್ಮನ್ನು ನಂಬಲು ಕಲಿಯುತ್ತಿರುವ ಮಗುವನ್ನು ಮತ್ತೆ ಕಿತ್ತು ಬೇರೆಡೆ ಇಡುವುದೆಂದರೆ, ಬುಕಾರೆಸ್ಟ್‌ನ ಮಕ್ಕಳಲ್ಲಿ ಕಂಡ ಆ ಮನೆ ಬದಲಾವಣೆಯ ಹಾನಿಯನ್ನು ನಾವಾಗಿಯೇ ತಂದುಕೊಂಡಂತೆ. ಹಣದ ಕಷ್ಟವೇ ಕಾರಣವಾಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ ನೆರವಿನ ಬಗ್ಗೆ ವಿಚಾರಿಸಿ. ಅರ್ಹರಾದ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ.

ತಂದೆಯ ವಿಷಯ ಸೂಕ್ಷ್ಮವಾದದ್ದು. ತಾಯಿ ಇಲ್ಲದಿರುವಾಗ ಕಾನೂನಿನ ದೃಷ್ಟಿಯಲ್ಲಿ ಸಹಜ ಪೋಷಕರು ಅವರೇ, ಆದ್ದರಿಂದ ನಿಮ್ಮ ಪಾಲನೆಗೆ ಕಾನೂನಿನ ಆಧಾರ ಮಾಡಿಕೊಳ್ಳುವುದನ್ನು ಮುಂದೂಡಬೇಡಿ. ಮಹಿಳೆಯರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವಿದೆ, ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ತಿಳಿಸಿ. ತಂದೆ ಎಂದರೆ ಶತ್ರು ಎಂದು ಮಗುವಿಗೆ ಕಲಿಸುವುದರಿಂದ ಲಾಭವಿಲ್ಲ, ಮುಂದೊಂದು ದಿನ ತನ್ನ ಅರ್ಧ ಮೂಲವನ್ನೇ ಅವನು ದ್ವೇಷಿಸಬೇಕಾಗುತ್ತದೆ. ಹಾಗೆಂದು ಈಗಲೇ ಭೇಟಿ ಮಾಡಿಸುವುದೂ ಬೇಡ. ತಂದೆ ಕುಡಿತಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾರೆಯೇ, ಚಿಕಿತ್ಸಕರು ಮಗು ಸಿದ್ಧವೆನ್ನುತ್ತಾರೆಯೇ ಎಂದು ನೋಡಿ. ಎರಡೂ ಹೌದಾದ ಮೇಲೆ ಚಿಕ್ಕ ಭೇಟಿ, ನಿಮ್ಮ ಮನೆಯ ಹೊರಗೆ, ನಿಮ್ಮ ಎದುರಿನಲ್ಲಿ, ಹುಡುಗನಿಗೆ ಮೊದಲೇ ತಿಳಿಸಿ, ಸಾಕು ಎಂದ ಕ್ಷಣ ಎದ್ದು ಬರುವ ಒಪ್ಪಂದದೊಂದಿಗೆ. ಕುಡಿದು ಬಂದರೆ ಬಾಗಿಲು ತೆರೆಯಬೇಡಿ. ಗಲಾಟೆಯಾದರೆ ಪೊಲೀಸರ 112ಕ್ಕೆ, ಮಗುವನ್ನು ಕರೆದೊಯ್ಯಲು ಯತ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.

ಹುಡುಗ ತನಗೆ ತಾನೇ ಗಾಯ ಮಾಡಿಕೊಂಡರೆ, ಸಾಯುವ ಮಾತಾಡಿದರೆ, ಪ್ರಾಣಿಗಳನ್ನು ಹಿಂಸಿಸಿದರೆ, ಊಟ ನಿದ್ದೆ ಪೂರ್ತಿ ಬಿಟ್ಟರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಕರೆದುಕೊಂಡು ಹೋಗಿ. ನಿಮಗೇ ನಿದ್ದೆ ಬಾರದ ರಾತ್ರಿಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ದಿನದ 24 ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ತಂಗಿಯನ್ನು ಕಳೆದುಕೊಂಡ ದುಃಖ ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಹುಡುಗನನ್ನು ತಜ್ಞರಿಗೆ ತೋರಿಸಲು ಹೋದ ದಿನ ಅದರ ಬಗ್ಗೆಯೂ ಅವರೊಂದಿಗೆ ಮಾತನಾಡಿ.